ಅಡಕೆಯ ತೋಟವೂ ಕಂಪೆನಿಯ ಷೇರೂ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳಲ್ಲಿ ಆಸ್ತಿಯೆಂಬ ಶಬ್ದಕ್ಕೆ ಬಹುಕಾಲದಿಂದ ಒಂದೇ ಅರ್ಥವು ರೂಢವಾಗಿರುವುದು. ಅದು ಅಡಕೆಯ ತೋಟ. ನಮ್ಮ ಸೀತೂರಿನ ಸುತ್ತುಮುತ್ತಲ ಮನೆಗಳಲ್ಲಿ ಹೆಣ್ಣು ಕೊಡುವಾಗಲೂ ಸಾಲ ಕೊಡುವಾಗಲೂ ಹಿರಿಯರು ಮೊದಲು ವಿಚಾರಿಸುತ್ತಿದ್ದುದು ತೋಟವೆಷ್ಟು, ಸೊಪ್ಪಿನ ಬೆಟ್ಟವೆಷ್ಟು, ನೀರಿನ ಆಸರೆ ಹೇಗೆ ಎಂಬುದನ್ನೇ. ಸಸಿ ನೆಟ್ಟವನು ಐದಾರು ವರ್ಷ ಫಲದ ಮುಖವನ್ನು ಕಾಣುವಂತಿಲ್ಲ. ತುಂಬಿದ ಫಸಲು ಬರಬೇಕಾದರೆ ಹತ್ತು ವರ್ಷವಾದರೂ ಕಳೆಯಬೇಕು. ಆಮೇಲೆ ಆ ಮರವು ನೆಟ್ಟವನಿಗೂ ಅವನ ಮಗನಿಗೂ, ಆಯುಸ್ಸಿದ್ದರೆ ಮೊಮ್ಮಗನಿಗೂ ಕೊನೆ ಬಿಡುವುದು. ಹೀಗೆ ಧನಾರ್ಜನೆಯನ್ನು ವರ್ಷದ ಲೆಕ್ಕದಿಂದಲ್ಲ, ತಲೆಮಾರಿನ ಲೆಕ್ಕದಿಂದ ಎಣಿಸುವ ಜನ ನಾವು.

ಇಂಥ ಮನೆಗಳಲ್ಲಿ ಈಚೆಗೆ ಒಂದು ವಾದವು ಮೇಲಿಂದ ಮೇಲೆ ಕೇಳಿಬರುತ್ತಿರುವುದು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನು ಸಂಬಳದ ಒಂದಂಶವನ್ನು ತಿಂಗಳು ತಿಂಗಳೂ ಕಂಪೆನಿಗಳ ಷೇರುಗಳಲ್ಲಿ ತೊಡಗಿಸುವನು. ಹಬ್ಬಕ್ಕೆ ಬಂದಾಗ ಆ ಸಂಗತಿ ಹೊರಬಿದ್ದರೆ ತಂದೆಯವರು, “ಜೂಜಿಗೆ ದುಡ್ಡು ಸುರಿಯಬೇಡ ಮಾರಾಯ, ಎರಡೆಕರೆ ತೋಟವನ್ನಾದರೂ ತೆಗೆದುಕೋ” ಎನ್ನುವರು. ಮಗನು, “ಇದ್ದ ತೋಟಕ್ಕೇ ಹಳದಿ ಎಲೆ ಬಂದು ಕೂತಿದೆಯಲ್ಲ ಅಪ್ಪಯ್ಯ, ಇನ್ನೆರಡೆಕರೆ ತೆಗೆದುಕೊಂಡು ಏನು ಮಾಡುವುದು?” ಎನ್ನುವನು. ಇಬ್ಬರ ಮಾತಿನಲ್ಲಿಯೂ ಹುರುಳುಂಟು. ಹಳದಿ ಎಲೆಯ ರೋಗವು ಶೃಂಗೇರಿ ಕೊಪ್ಪಗಳ ಕಡೆ ಎಷ್ಟೋ ತೋಟಗಳನ್ನು ಬರಿದುಮಾಡಿರುವುದನ್ನು ನಾವೆಲ್ಲರೂ ಕಣ್ಣಾರೆ ಕಂಡಿದ್ದೇವೆ. ಭೂಮಿಯೊಂದೇ ಸ್ಥಿರವೆಂಬ ನಂಬಿಕೆಯೂ ಇಲ್ಲಿ ಎಂದೋ ಅಲುಗಿತು: ಭದ್ರಾ ಜಲಾಶಯದ ಹಿನ್ನೀರಿನಲ್ಲಿ ನರಸಿಂಹರಾಜಪುರ ತಾಲ್ಲೂಕಿನ ಹಳ್ಳಿಗಳು ಮುಳುಗಿದುವು, ೧೯೭೪ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿಗೆ ಕೊಟ್ಟಿದ್ದ ಜಮೀನುಗಳು ಒಡೆಯರ ಕೈಬಿಟ್ಟುವು. ಆದರೂ ತಂದೆಯವರ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಷೇರೆಂಬುದು ಜೂಜೇ ಅಲ್ಲವೇ ಎಂಬುದನ್ನು ಕನ್ನಡ ನಾಡಿನ ಚರಿತ್ರೆಯಿಂದಲೇ ಉದಾಹರಣೆಗಳನ್ನು ತೆಗೆದುಕೊಂಡು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶವಾಗಿರುವುದು.

ಮೊದಲು ಶಾಸ್ತ್ರದ ಮಾತು. ಮನುವು ಹದಿನೆಂಟು ವ್ಯವಹಾರಪದಗಳನ್ನು ಎಣಿಸಿರುವನಷ್ಟೆ. ಅವುಗಳಲ್ಲಿ ನಾಲ್ಕನೆಯದು ಸಂಭೂಯಸಮುತ್ಥಾನ, ಎಂದರೆ ಹಲವರು ಕೂಡಿ ಬಂಡವಾಳ ಹಾಕಿ ನಡೆಸುವ ಉದ್ಯಮ. ಕಟ್ಟಕಡೆಯದು ದ್ಯೂತಸಮಾಹ್ವಯ, ಎಂದರೆ ಜೂಜು ಮತ್ತು ಪಂದ್ಯ. ಇವೆರಡನ್ನೂ ಪ್ರಾಚೀನರು ಒಂದೇ ಗಂಟಿನಲ್ಲಿ ಕಟ್ಟಲಿಲ್ಲವೆಂಬುದನ್ನು ಗಮನಿಸಬೇಕು. ಕೂಡಿ ವ್ಯಾಪಾರ ಮಾಡುವ ವಣಿಜರಿಗೆ ಲಾಭನಷ್ಟಗಳು ಅವರವರು ಹಾಕಿದ ದ್ರವ್ಯಕ್ಕೆ ಅನುಸಾರವಾಗಿಯೋ ಅಥವಾ ಮೊದಲೇ ಮಾಡಿಕೊಂಡ ಕರಾರಿನಂತೆಯೋ ಸಲ್ಲತಕ್ಕವೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುವುದು. ಉಳಿದವರು ಬೇಡವೆಂದುದನ್ನು ಮಾಡಿ, ಅಥವಾ ಎಚ್ಚರಗೇಡಿತನದಿಂದ ಸರಕನ್ನು ಕೆಡಿಸಿದವನು ತಾನೇ ಅದನ್ನು ತುಂಬಿಕೊಡಬೇಕು. ವಿಪತ್ತಿನಲ್ಲಿ ಸರಕನ್ನು ಕಾಪಾಡಿದವನಿಗೆ ಹತ್ತನೆಯ ಒಂದು ಪಾಲು ಹೆಚ್ಚಾಗಿ ಸಲ್ಲುವುದು. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘವು ದಕ್ಷಿಣಾಪಥವನ್ನೆಲ್ಲ ವ್ಯಾಪಿಸಿದ್ದ ಕಾಲ ಅದು.

ಪಾಠಶಾಲೆಯಲ್ಲಿ ಲೀಲಾವತಿಯನ್ನು ಓದಿದವರಿಗೆ ಇನ್ನೊಂದು ಸಂಗತಿ ನೆನಪಿರಬಹುದು. ಐವತ್ತೊಂದು, ಅರುವತ್ತೆಂಟು, ಎಂಬತ್ತೈದು ಹೀಗೆ ಮೂವರು ವರ್ತಕರು ಮೂಲಧನವನ್ನು ಹಾಕಿ, ಅದೆಲ್ಲ ಕೂಡಿ ಮುನ್ನೂರಾಗಿ ಬೆಳೆದರೆ ಯಾರಿಗೆಷ್ಟು ಎಂಬ ಲೆಕ್ಕ. ಎಪ್ಪತ್ತೈದು, ನೂರು, ನೂರಿಪ್ಪತ್ತೈದು ಎಂದು ಉತ್ತರ ಬರುವುದು. ಭಾಸ್ಕರಾಚಾರ್ಯನಿಗಿಂತ ಮುನ್ನೂರು ವರ್ಷ ಹಿಂದೆಯೇ, ನೃಪತುಂಗನ ಕಾಲದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಪ್ರಕ್ಷೇಪಕವೆಂಬ ಹೆಸರಿನಿಂದ ಈ ಜಾತಿಯ ಲೆಕ್ಕಗಳನ್ನು ಹೇಳಿರುವನು. ಆದುದರಿಂದ ಪಾಲುಗಾರಿಕೆಯು ಆಂಗ್ಲರಿಂದ ಕಲಿತ ವಿದ್ಯೆಯೆಂಬುದು ಸರಿಯಲ್ಲ.

ಆಂಗ್ಲರಿಂದ ಬಂದುದು ಬೇರೆ ಎರಡು ಅಂಶಗಳು. ಹಿಂದಿನ ಪಾಲುಗಾರನು ಉದ್ಯಮವು ಮುಳುಗಿದರೆ ಮನೆಮಾರನ್ನೂ ಕಳೆದುಕೊಳ್ಳಬೇಕಾಗುತ್ತಿದ್ದಿತು. ಮತ್ತು ತನ್ನ ಪಾಲನ್ನು ಅಪರಿಚಿತನಿಗೆ ಮಾರಿ ಹೊರಬರುವುದು ಸುಲಭವಾಗಿರಲಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ ೧೮೫೭ರ ಕಾಯಿದೆಯಿಂದ ಪಾಲುಗಾರನ ಹೊಣೆಯು ಅವನು ಒಪ್ಪಿಕೊಂಡ ಹಣದ ಮಿತಿಯೊಳಗೆ ನಿಂತಿತು. ಬ್ಯಾಂಕುಗಳಿಗೆ ಈ ಸೌಕರ್ಯವು ೧೮೬೦ರಲ್ಲಿ ದೊರೆತಿತು. ಪಾಲನ್ನು ಕೊಳ್ಳುವ ಮಾರುವ ಪೇಟೆಗೆ ಮುಂಬಯಿಯಲ್ಲಿ ೧೮೭೫ರಲ್ಲಿ ದಲ್ಲಾಳಿಗಳ ಸಂಘವು ಏರ್ಪಟ್ಟಿತು. ಈ ಪೇಟೆಯಿಂದಲೇ ಒಳ್ಳೆಯದೂ ಕೆಟ್ಟದೂ ಎರಡೂ ಹುಟ್ಟಿದುವು. ಕೂಡಿ ಉದ್ಯಮ ಮಾಡುವವನ ಕೈಯಲ್ಲಿರುವ ಪತ್ರವೂ, ಬೆಳಗ್ಗೆ ಕೊಂಡು ಸಂಜೆ ಮಾರುವವನ ಕೈಯಲ್ಲಿರುವ ಪತ್ರವೂ ನೋಡುವುದಕ್ಕೆ ಒಂದೇ; ಮನುವಿನ ನಾಲ್ಕನೆಯ ಪದವೂ ಹದಿನೆಂಟನೆಯ ಪದವೂ ಒಂದೇ ಅಂಗಡಿಯಲ್ಲಿ ಸಿಕ್ಕುವಂತಾಯಿತು. ತಂದೆಮಕ್ಕಳ ವಾದಕ್ಕೆ ಮೂಲವು ಇಲ್ಲಿಯೇ ಇರುವುದೆಂದು ನನಗೆ ತೋರುವುದು.

ನಮ್ಮ ನಾಡಿನಲ್ಲಿ ಷೇರಿನ ತಾಳ್ಮೆಗೆ ಮೊದಲ ದೊಡ್ಡ ದೃಷ್ಟಾಂತವು ಕೋಲಾರದ ಚಿನ್ನದ ಗಣಿಗಳು. ಆದರೆ ಅದರ ಫಲವನ್ನು ಉಂಡವರು ನಾವಲ್ಲ. ೧೮೮೦ರ ವೇಳೆಗೆ ಲಂಡನ್ನಿನಲ್ಲಿ ಮೈಸೂರಿನ ಚಿನ್ನವೆಂದರೆ ಜನರಿಗೆ ಹುಚ್ಚು ಹಿಡಿದಿದ್ದಿತು. ನಾಲ್ಕಾರು ವರ್ಷ ಅಗೆದರೂ ಚಿನ್ನ ಕಾಣದೆ ಬಂಡವಾಳವು ಕರಗಿ, ಷೇರುಗಳನ್ನು ಕೇಳುವವರಿಲ್ಲದಂತಾಯಿತು. ಮೈಸೂರು ಮೈನಿಂಗ್ ಕಂಪೆನಿಯನ್ನು ಮುಚ್ಚಿ ಉಳಿದುದನ್ನು ಹಂಚಿಕೊಳ್ಳೋಣವೆಂದು ಪಾಲುಗಾರರು ಹಠ ಹಿಡಿದಾಗ, ವ್ಯವಸ್ಥಾಪಕರಾದ ಜಾನ್ ಟೇಲರ್ ಕಂಪೆನಿಯವರು ಉಳಿದ ಹಣವನ್ನೂ ಅಗೆತಕ್ಕೇ ಹಾಕೋಣವೆಂದು ಅವರನ್ನು ಒಪ್ಪಿಸಿದರು. ಪ್ಲಮ್ಮರ್ ಎಂಬ ಗಣಿಯ ಅಧಿಕಾರಿಯು ಹಳೆಯ ಅಗೆತಗಳ ಜಾಡನ್ನು ಹಿಡಿದು ಇನ್ನೂ ಕೆಳಕ್ಕಿಳಿದಾಗ ಚಾಂಪಿಯನ್ ಎಂಬ ಹೆಸರಾದ ಅದಿರಿನ ನಾಳವು ಸಿಕ್ಕಿತು. ತರುವಾಯ ದಶಕಗಳ ಕಾಲ ಲಾಭಾಂಶವು ಹರಿಯಿತು. ಮೈಸೂರಿಗೆ ರಾಜಧನವೂ, ಗಣಿಯ ಆಳಿಗೆ ಕೂಲಿಯೂ ಉಳಿದವು. ಗಣಿಗಳು ೧೯೫೬ರಲ್ಲಿ ಮೈಸೂರು ಸರಕಾರದ ವಶವಾಗಿ, ೨೦೦೧ರಲ್ಲಿ ಮುಚ್ಚಿಹೋದವು. ಆ ಪಾಲುಗಾರರದು ತಾಳ್ಮೆಯೇ ಅಥವಾ ಅದೃಷ್ಟವೇ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಅದೇ ಹುಚ್ಚಿನ ಕಾಲದಲ್ಲಿ ಹುಟ್ಟಿ, ಅಷ್ಟೇ ತಾಳ್ಮೆಯಿಂದ ಅಗೆದು, ಏನನ್ನೂ ಕಾಣದೆ ಅಳಿದ ಕಂಪೆನಿಗಳೂ ಇದ್ದುವು.

ಕನ್ನಡಿಗರು ತಮ್ಮ ಕೈಯ ಚಿಲ್ಲರೆ ಹಣವನ್ನು ಕೂಡಿಸಿ ತಾವೇ ಪಾಲುಗಾರರಾದ ಕಥೆಯನ್ನು ನೋಡಬೇಕಾದರೆ ಘಟ್ಟದ ಕೆಳಗೆ ಇಳಿಯಬೇಕು. ಆಗುಂಬೆಯ ಘಾಟಿಯಿಂದ ಉಡುಪಿಗೆ ಹೋಗಿ ಬರುವುದು ನಮ್ಮ ಸೀಮೆಯವರಿಗೆ ಹೊಸದೇನೂ ಅಲ್ಲ. ಆ ಉಡುಪಿಯಲ್ಲಿ ೧೯೦೬ರ ಮಾರ್ಚಿ ತಿಂಗಳಲ್ಲಿ ಖಾನ್ ಬಹಾದೂರ್ ಹಾಜಿ ಅಬ್ದುಲ್ಲಾ ಸಾಹೇಬರು ಐದು ಸಾವಿರ ರೂಪಾಯಿಯ ಮೂಲಧನದಿಂದ ಒಂದು ಬ್ಯಾಂಕನ್ನು ಸ್ಥಾಪಿಸಿದರು. ಮುಂದೆ ಕಾರ್ಪೊರೇಷನ್ ಬ್ಯಾಂಕೆಂದು ಹೆಸರಾದುದು ಇದೇ. ಮೊದಲ ದಿನ ಅದಕ್ಕೆ ಬಂದ ಠೇವಣಿ ೩೮ ರೂಪಾಯಿ ೧೩ ಆಣೆ ೨ ಪೈ. ಅದೇ ವರ್ಷದ ಜುಲೈ ತಿಂಗಳಲ್ಲಿ ಮಂಗಳೂರಿನ ವಕೀಲರಾದ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದು ಪರ್ಮನೆಂಟ್ ಫಂಡ್ ಎಂಬುದನ್ನು ತೆರೆದರು. ಅದು ೧೯೧೦ರಲ್ಲಿ ಕೆನರಾ ಬ್ಯಾಂಕ್ ಆಯಿತು. ಮಂಗಳೂರಿನಲ್ಲಿ ೧೯೨೪ರಲ್ಲಿ ಬಿ. ಆರ್. ವ್ಯಾಸರಾಯಾಚಾರ್ಯರು ಮುಂದಾಗಿ ಕರ್ಣಾಟಕ ಬ್ಯಾಂಕನ್ನೂ, ಉಡುಪಿಯಲ್ಲಿ ೧೯೨೫ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಇವರು ಎಂಟು ಸಾವಿರ ರೂಪಾಯಿಯಿಂದ ಸಿಂಡಿಕೇಟ್ ಬ್ಯಾಂಕನ್ನೂ, ೧೯೩೧ರಲ್ಲಿ ಎ. ಬಿ. ಶೆಟ್ಟರು ವಿಜಯಾ ಬ್ಯಾಂಕನ್ನೂ ಕಟ್ಟಿದರು. ಸಿಂಡಿಕೇಟಿನವರು ೧೯೨೮ರಿಂದ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಂತೆ ವಸೂಲುಮಾಡುತ್ತಿದ್ದ ಪಿಗ್ಮಿ ಠೇವಣಿಯು ಎಲ್ಲರಿಗೂ ತಿಳಿದುದೇ.

ಒಂದೇ ಜಿಲ್ಲೆಯಲ್ಲಿ ಸುಮಾರು ಇಪ್ಪತ್ತೈದು ವರ್ಷಗಳಲ್ಲಿ ಹುಟ್ಟಿದ ಈ ಐದು ಬ್ಯಾಂಕುಗಳಲ್ಲಿ ಯಾವನಾದರೊಬ್ಬನು ಮೊದಲ ವರ್ಷವೇ ಒಂದೊಂದು ಪಾಲನ್ನು ಕೊಂಡು, ಮಾರದೆ, ಮಕ್ಕಳಿಗೆ ಬಿಟ್ಟುಹೋದನೆಂದು ಕಲ್ಪಿಸಿಕೊಳ್ಳೋಣ. ಅವನ ತಾಳ್ಮೆಯು ಐದರಲ್ಲಿಯೂ ಸಮಾನ. ಫಲವು ಸಮಾನವಾಯಿತೇ? ಇಲ್ಲ. ೧೯೬೯ರ ಜುಲೈ ೧೯ರಂದು ಭಾರತ ಸರಕಾರವು ಐವತ್ತು ಕೋಟಿ ರೂಪಾಯಿಗೆ ಮೇಲ್ಪಟ್ಟು ಠೇವಣಿಯಿದ್ದ ಹದಿನಾಲ್ಕು ಬ್ಯಾಂಕುಗಳನ್ನು ರಾಷ್ಟ್ರೀಕರಿಸಿತು. ಕೆನರಾ, ಸಿಂಡಿಕೇಟ್ ಎರಡೂ ಆ ಪಟ್ಟಿಯಲ್ಲಿದ್ದುವು. ಪಾಲುಗಾರರಾಗಿದ್ದ ಆರ್. ಸಿ. ಕೂಪರ್ ಎಂಬವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ ೧೯೭೦ರ ಫೆಬ್ರವರಿ ೧೦ರಂದು ಗೆದ್ದರು; ಕೊಡಹೊರಟ ಪರಿಹಾರವು ಪರಿಹಾರವೆನ್ನುವಂತಿಲ್ಲವೆಂಬುದು ನ್ಯಾಯಾಧೀಶರ ಆಕ್ಷೇಪಗಳಲ್ಲಿ ಒಂದು. ಸರಕಾರವು ನಾಲ್ಕೇ ದಿನದಲ್ಲಿ ಹೊಸ ಆಜ್ಞೆಯನ್ನು ಹೊರಡಿಸಿ, ಹದಿನಾಲ್ಕು ಬ್ಯಾಂಕುಗಳಿಗೆ ಒಟ್ಟು ೮೭ ಕೋಟಿ ೪೦ ಲಕ್ಷ ರೂಪಾಯಿಯನ್ನು ಗೊತ್ತುಪಡಿಸಿತು. ಅದರಲ್ಲಿ ಕೆನರಾಕ್ಕೆ ೩ ಕೋಟಿ ೬೦ ಲಕ್ಷ, ಸಿಂಡಿಕೇಟಿಗೂ ಅಷ್ಟೇ. ಅಲ್ಲಿಗೆ ಹಳೆಯ ಪಾಲುಗಾರನ ಒಡೆತನವು ಮುಗಿಯಿತು. ಮುಂದೆ ಬ್ಯಾಂಕು ಎಷ್ಟು ಬೆಳೆದರೂ ಅದರಲ್ಲಿ ಅವನಿಗೆ ಅಂಶವಿಲ್ಲ. ೧೯೮೦ರ ಏಪ್ರಿಲ್ ೧೫ರಂದು ಇನ್ನೂ ಆರು ಬ್ಯಾಂಕುಗಳ ಸರದಿ ಬಂದಿತು. ಈ ಬಾರಿ ಇನ್ನೂರು ಕೋಟಿ ಠೇವಣಿಯೇ ಗಡಿ. ಕಾರ್ಪೊರೇಷನ್, ವಿಜಯಾ ಎರಡೂ ಹೋದುವು.

ಉಳಿದುದು ಕರ್ಣಾಟಕ ಬ್ಯಾಂಕೊಂದೇ. ಏಕೆ ಉಳಿಯಿತು? ಚಿಕ್ಕದಾಗಿದ್ದುದರಿಂದ. ತನ್ನ ಸಂಗಡಿಗರಷ್ಟು ವೇಗವಾಗಿ ಬೆಳೆಯದೆ, ಎರಡು ಬಾರಿಯೂ ಗಡಿಯಿಂದ ಈಚೆಗೇ ನಿಂತುದರಿಂದ ಅದರ ಪಾಲುಗಾರರ ಪತ್ರಗಳು ಪತ್ರಗಳಾಗಿಯೇ ಉಳಿದುವು. ಚೆನ್ನಾಗಿ ಬೆಳೆದ ಮಕ್ಕಳನ್ನು ಅರಮನೆಯವರು ಕರೆದೊಯ್ದು, ಸಾಧಾರಣನಾದವನು ತಾಯಿಯ ಬಳಿ ಉಳಿದಂತಾಯಿತು. ಈ ಬ್ಯಾಂಕಿಗೂ ನಮ್ಮ ಸೀಮೆಗೂ ಒಂದು ಸಂಬಂಧವುಂಟು. ಈಗಿನ ತರುಣರಿಗೆ ಅದು ತಿಳಿದಿರಲಾರದು. ಶೃಂಗೇರಿ ಶಾರದಾ ಬ್ಯಾಂಕೆಂಬುದೊಂದು ಸಣ್ಣ ಬ್ಯಾಂಕು ನಮ್ಮಲ್ಲಿದ್ದಿತು. ಅದು ೧೯೬೦ರಲ್ಲಿ ಕರ್ಣಾಟಕ ಬ್ಯಾಂಕಿನಲ್ಲಿ ಸೇರಿಹೋಯಿತು. ತರುವಾಯ ೧೯೬೪ರಲ್ಲಿ ಚಿತ್ರದುರ್ಗದ ಬ್ಯಾಂಕೂ, ೧೯೬೬ರಲ್ಲಿ ಹುಬ್ಬಳ್ಳಿಯ ಬ್ಯಾಂಕ್ ಆಫ್ ಕರ್ಣಾಟಕವೂ ಅದರಲ್ಲಿಯೇ ಕೂಡಿದುವು. ೧೯೬೦ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಳುಗಿ ದೇಶವೆಲ್ಲ ತಲ್ಲಣಿಸಿದ ಮೇಲೆ, ಸಣ್ಣ ಬ್ಯಾಂಕುಗಳು ದೊಡ್ಡವುಗಳ ಆಶ್ರಯವನ್ನು ಹುಡುಕಬೇಕಾದ ಕಾಲ ಬಂದಿದ್ದಿತು.

ರಾಷ್ಟ್ರೀಕರಣವು ದೇಶಕ್ಕೆ ಅಹಿತವಾಯಿತೆಂದು ನಾನು ಹೇಳುತ್ತಿಲ್ಲ. ಮೂಲೆಯ ಊರುಗಳಿಗೆ ಬ್ಯಾಂಕಿನ ಶಾಖೆಗಳು ಹೆಚ್ಚಾಗಿ ಬಂದುದು ಆ ಮೇಲೆಯೇ. ಇಲ್ಲಿ ಪ್ರಸ್ತುತವಾದುದು ಇಷ್ಟೇ: ಒಂದೇ ಗುಣದ ಐದು ಸಂಸ್ಥೆಗಳಲ್ಲಿ ಯಾವುದು ನಿಲ್ಲುವುದೆಂದು ೧೯೩೧ರಲ್ಲಿ ಎಂಥ ಬುದ್ಧಿವಂತನೂ ಹೇಳಬಲ್ಲವನಾಗಿರಲಿಲ್ಲ. ಕಾಲಾಂತರದಲ್ಲಿ ಸರಕಾರವೇ ಈ ಬ್ಯಾಂಕುಗಳ ಷೇರುಗಳನ್ನು ಜನರಿಗೆ ಮತ್ತೆ ಮಾರಿತು. ಕೆನರಾ ಬ್ಯಾಂಕಿನ ಹತ್ತು ರೂಪಾಯಿ ಮುಖಬೆಲೆಯ ಷೇರು ೨೦೦೨ರಲ್ಲಿ ಮೂವತ್ತೈದು ರೂಪಾಯಿಗೆ ದೊರೆಯುತ್ತಿದ್ದಿತು. ಅಜ್ಜನಿಂದ ಕಿತ್ತುಕೊಂಡುದನ್ನು ಮೊಮ್ಮಗನಿಗೆ ಕ್ರಯಕ್ಕೆ ಕೊಟ್ಟಂತೆ! ೨೦೧೯ರಲ್ಲಿ ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿನಲ್ಲಿಯೂ, ೨೦೨೦ರಲ್ಲಿ ಸಿಂಡಿಕೇಟು ಕೆನರಾದಲ್ಲಿಯೂ, ಕಾರ್ಪೊರೇಷನ್ನು ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾದುವು. ಘಟ್ಟದ ಮೇಲಿನ ಮೈಸೂರು ಬ್ಯಾಂಕು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ೧೯೧೩ರಲ್ಲಿ ಹುಟ್ಟಿದುದು, ೨೦೧೭ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. ಅದರ ಹತ್ತು ಷೇರಿದ್ದವರಿಗೆ ಸ್ಟೇಟ್ ಬ್ಯಾಂಕಿನ ಇಪ್ಪತ್ತೆರಡು ಷೇರುಗಳು ಬಂದುವು.

ತಾಳ್ಮೆಯು ತಾನಾಗಿ ಫಲ ಕೊಡಲಾರದೆಂಬುದಕ್ಕೆ ನಮಗೆ ಇನ್ನೂ ಹತ್ತಿರದ ಸಾಕ್ಷಿಯು ಭದ್ರಾವತಿಯಲ್ಲಿರುವುದು. ಅಲ್ಲಿಯ ಕಾಗದದ ಕಾರ್ಖಾನೆಯನ್ನು ೧೯೩೬ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮೈಸೂರು ಪೇಪರ್ ಮಿಲ್ಸ್ ಎಂಬ ಕಂಪೆನಿಯಾಗಿ ಸ್ಥಾಪಿಸಿದರು. ಮಲೆನಾಡಿನ ಬಿದಿರು, ಭದ್ರೆಯ ನೀರು, ಸಂಸ್ಥಾನದ ಬೆಂಬಲ. ಇವಕ್ಕಿಂತ ಭದ್ರವಾದ ಆಧಾರವನ್ನು ಯಾರು ತಾನೆ ಕೇಳಿಯಾರು? ಅದು ೧೯೭೭ರಲ್ಲಿ ಸರಕಾರಿ ಕಂಪೆನಿಯಾಯಿತು. ಪತ್ರಿಕೆಗಳಿಗೆ ಬೇಕಾದ ಕಾಗದವನ್ನೂ ಮಾಡತೊಡಗಿತು. ನಾನು ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಮಕ್ಕಳ ನೋಟುಪುಸ್ತಕಗಳ ಮೇಲೆ ಆ ಕಾಗದದ ಹೆಸರನ್ನು ಎಷ್ಟು ಬಾರಿ ನೋಡಿರುವೆನೋ! ನಷ್ಟದ ಮೇಲೆ ನಷ್ಟವಾಗಿ ೨೦೧೫ರಲ್ಲಿ ಯಂತ್ರಗಳು ನಿಂತುವು. ಷೇರನ್ನು ಕೊಂಡು ಅರುವತ್ತೆಪ್ಪತ್ತು ವರ್ಷ ಮಾರದೆ ಇಟ್ಟುಕೊಂಡ ಮನೆಗಳಿಗೆ ಉಳಿದುದು ಕಾಗದದ ಕಂಪೆನಿಯ ಕಾಗದ. ಅವರು ತಾಳಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಮರವು ಒಣಗುತ್ತಿರುವುದನ್ನು ನೋಡಲಿಲ್ಲ, ಅಷ್ಟೆ. ತೋಟದಲ್ಲಾದರೋ ನಮ್ಮವರು ಹಾಗೆ ಮಾಡುವವರಲ್ಲ. ಮಳೆಗಾಲ ಬಂದರೆ ಹಿಂದೆ ಕೊನೆಗಳಿಗೆ ಕೊಟ್ಟೆ ಕಟ್ಟಿಸುತ್ತಿದ್ದರು. ಮೈಸೂರಿನ ವ್ಯವಸಾಯದ ಇಲಾಖೆಯ ಕೋಲ್ಮನ್ ಸಾಹೇಬರು ಮೈಲುತುತ್ತ ಸುಣ್ಣಗಳ ದ್ರಾವಣವನ್ನು ತೋರಿಸಿಕೊಟ್ಟ ಮೇಲೆ ಮದ್ದು ಹೊಡೆಸುತ್ತಿರುವರು. ಸತ್ತ ಮರದ ಬುಡದಲ್ಲಿ ಹೊಸ ಸಸಿಯನ್ನು ನೆಡುವರು. ವರ್ಷಕ್ಕೆ ನಾಲ್ಕು ಬಾರಿಯಾದರೂ ಮರಮರವನ್ನೂ ತಲೆಯೆತ್ತಿ ನೋಡದ ತೋಟಗಾರನುಂಟೇ?

ಇನ್ನು ತರುಣರು ಮೇಲಿಂದ ಮೇಲೆ ಉದಾಹರಿಸುವ ಇನ್ಫೋಸಿಸ್ ಕಂಪೆನಿಯ ವಿಚಾರ. ಅದರ ಷೇರುಗಳು ೧೯೯೩ರಲ್ಲಿ ಒಂದಕ್ಕೆ ತೊಂಬತ್ತೈದು ರೂಪಾಯಿಯಂತೆ ಜನರೆದುರಿಗೆ ಬಂದುವು. ಕೇಳಿದಷ್ಟು ಹಣ ಜನರಿಂದ ಬರಲಿಲ್ಲ. ಉಳಿದುದರಲ್ಲಿ ಬಹುಪಾಲನ್ನು ಮಾರ್ಗನ್ ಸ್ಟ್ಯಾನ್ಲಿ ಎಂಬ ಅಮೆರಿಕೆಯ ಸಂಸ್ಥೆಯು ಕೊಂಡಿತು. ಆಗ ೯,೫೦೦ ರೂಪಾಯಿ ಕೊಟ್ಟು ನೂರು ಷೇರು ಕೊಂಡವನ ಲೆಕ್ಕವನ್ನು ಲೀಲಾವತಿಯ ರೀತಿಯಲ್ಲಿಯೇ ನೋಡೋಣ. ೧೯೯೪, ೧೯೯೭, ೧೯೯೯ ಈ ಮೂರು ವರ್ಷಗಳಲ್ಲಿ ಒಂದಕ್ಕೊಂದು ಬೋನಸ್ ಷೇರು ಬಂದು ನೂರು ಎಂಟುನೂರಾಯಿತು. ೨೦೦೦ದಲ್ಲಿ ಹತ್ತು ರೂಪಾಯಿಯ ಮುಖಬೆಲೆಯನ್ನು ಐದಕ್ಕೆ ಒಡೆದುದರಿಂದ ಸಾವಿರದಾರುನೂರು. ೨೦೦೪ರಲ್ಲಿ ಒಂದಕ್ಕೆ ಮೂರು ಸೇರಿ ೬,೪೦೦, ೨೦೦೬ರಲ್ಲಿ ೧೨,೮೦೦, ೨೦೧೪, ೨೦೧೫, ೨೦೧೮ ಈ ವರ್ಷಗಳಲ್ಲಿ ಮತ್ತೆ ಮೂರು ಬಾರಿ ಇಮ್ಮಡಿಸಿ ೧,೦೨,೪೦೦. ಒಂದಕ್ಕೆ ಸಾವಿರ ರೂಪಾಯಿಯಂತೆ ಹಿಡಿದರೂ ಹತ್ತು ಕೋಟಿ ಮೀರುವುದು; ನಡುವೆ ಬಂದ ಲಾಭಾಂಶವು ಬೇರೆ. ಚದುರಂಗದ ಮನೆಮನೆಗೂ ಕಾಳನ್ನು ಇಮ್ಮಡಿಸುತ್ತ ಹೋದ ಹಳೆಯ ಕಥೆಯನ್ನು ಕಣ್ಣೆದುರಿಗೆ ಕಂಡಂತಾಗುವುದು.

ಲೆಕ್ಕವು ನಿಜ. ಆದರೆ ಕಥೆಯನ್ನು ಹೇಳುವವರು ಬಿಟ್ಟುಬಿಡುವ ಎರಡು ಸಂಗತಿಗಳುಂಟು. ಮೊದಲನೆಯದಾಗಿ, ಅದನ್ನು ಇಟ್ಟುಕೊಂಡಿರುವುದು ಸುಲಭವಾಗಿರಲಿಲ್ಲ. ೨೦೦೦ದ ಬಳಿಕ ಅದರ ಧಾರಣೆಯು ಪಾತಾಳಕ್ಕಿಳಿಯಿತು. ೨೦೦೩ರ ಏಪ್ರಿಲ್ ೧೦ರಂದು ಒಂದೇ ದಿನದಲ್ಲಿ ನಾಲ್ಕರಲ್ಲೊಂದು ಭಾಗಕ್ಕಿಂತ ಹೆಚ್ಚು ಬೆಲೆ ಕರಗಿತು. ಕೈಯಲ್ಲಿದ್ದ ಲಕ್ಷಗಳು ಸಂಜೆಯೊಳಗೆ ಕರಗುವುದನ್ನು ನೋಡುತ್ತ ಸುಮ್ಮನಿರುವುದು ಋಷಿಗಳಿಗೆ ಸಾಧ್ಯವಾದೀತು. ಎರಡನೆಯದಾಗಿ, ಅದೇ ೧೯೯೩ರಿಂದ ಮೂರು ನಾಲ್ಕು ವರ್ಷಗಳಲ್ಲಿ ಜನರ ಹಣವನ್ನು ಎತ್ತಿ, ಆಮೇಲೆ ವಿಳಾಸವೇ ಇಲ್ಲದಂತೆ ಮಾಯವಾದ ಕಂಪೆನಿಗಳು ಅನೇಕ. ‘ಕಣ್ಮರೆಯಾದ ಕಂಪೆನಿಗಳು’ ಎಂದು ಸರಕಾರವೇ ಅವುಗಳ ಪಟ್ಟಿ ಮಾಡಬೇಕಾಯಿತು. ಆ ಷೇರುಗಳನ್ನು ಕೊಂಡವನೂ ತೊಂಬತ್ತೈದು ರೂಪಾಯಿ ಕೊಟ್ಟವನಂತೆಯೇ ನಂಬಿದ್ದನು. ಅವನ ಕಥೆಯನ್ನು ಮದುವೆಮನೆಯ ಪಂಕ್ತಿಯಲ್ಲಿ ಯಾರೂ ಹೇಳುವುದಿಲ್ಲ.

ಒಂದೇ ಮರವನ್ನು ನಂಬದೆ ತೋಟವನ್ನೇ ನಂಬಿದವನ ಲೆಕ್ಕವು ಇದಕ್ಕಿಂತ ಸೌಮ್ಯವಾದುದು, ಹೆಚ್ಚು ವಿಶ್ವಾಸಾರ್ಹವಾದುದು. ಮುಂಬಯಿಯ ಪೇಟೆಯಲ್ಲಿ ಮೂವತ್ತು ದೊಡ್ಡ ಕಂಪೆನಿಗಳ ಧಾರಣೆಗಳನ್ನು ಕೂಡಿಸಿ ಸೆನ್ಸೆಕ್ಸ್ ಎಂಬ ಸೂಚ್ಯಂಕವನ್ನು ಕಟ್ಟಿರುವರು. ೧೯೭೮-೭೯ನೆಯ ವರ್ಷವನ್ನು ನೂರೆಂದು ಹಿಡಿದರೆ, ಅದು ೧೯೯೦ರ ಜುಲೈಯಲ್ಲಿ ಸಾವಿರವನ್ನೂ, ೨೦೨೪ರ ಜುಲೈಯಲ್ಲಿ ಎಂಬತ್ತು ಸಾವಿರವನ್ನೂ ದಾಟಿತು. ನಲವತ್ತೈದು ವರ್ಷಗಳಲ್ಲಿ ಎಂಟುನೂರು ಪಾಲು; ಚಕ್ರಬಡ್ಡಿಯ ಕ್ರಮದಿಂದ ನೋಡಿದರೆ ವರ್ಷಕ್ಕೆ ನೂರಕ್ಕೆ ಹದಿನಾರರ ಆಸುಪಾಸು. ದಾರಿಯಾದರೋ ಸಮತಟ್ಟಾದುದಲ್ಲ. ೧೯೯೨ರ ಏಪ್ರಿಲಿನಲ್ಲಿ ನಾಲ್ಕು ಸಾವಿರದ ನಾನೂರನ್ನು ಮೀರಿದ್ದುದು ಮರುವರ್ಷ ಅರ್ಧಕ್ಕೂ ಕೆಳಗಿಳಿಯಿತು. ೨೦೦೮ರ ಜನವರಿಯಲ್ಲಿ ಇಪ್ಪತ್ತೊಂದು ಸಾವಿರವಿದ್ದುದು ಅದೇ ವರ್ಷದ ಅಕ್ಟೋಬರಿನಲ್ಲಿ ಒಂಬತ್ತು ಸಾವಿರಕ್ಕೂ ಕಡಿಮೆಯಾಯಿತು. ೨೦೨೦ರ ಮಾರ್ಚಿಯಲ್ಲಿ, ಮಹಾಮಾರಿಯ ಭಯದಿಂದ ಬಾಗಿಲುಗಳೆಲ್ಲ ಮುಚ್ಚಿದ್ದಾಗ, ಇಪ್ಪತ್ತಾರು ಸಾವಿರದ ಒಳಗೆ ಬಿದ್ದಿತು. ಸೂಚ್ಯಂಕದಲ್ಲಿಯೂ ಒಣಗಿದ ಮರವನ್ನು ಕಿತ್ತು ಹೊಸದನ್ನು ನೆಡುವ ಪದ್ಧತಿಯಿರುವುದು: ಕ್ಷೀಣಿಸಿದ ಕಂಪೆನಿಯನ್ನು ಪಟ್ಟಿಯಿಂದ ತೆಗೆದು ಬೇರೊಂದನ್ನು ಸೇರಿಸುವರು. ಭದ್ರಾವತಿಯ ಪಾಲುಗಾರನು ಮಾಡದೆ ಬಿಟ್ಟುದು ಇದನ್ನೇ.

ತಂದೆಯವರ ಆಕ್ಷೇಪಕ್ಕೂ ಇಲ್ಲಿ ನ್ಯಾಯವನ್ನು ಸಲ್ಲಿಸಬೇಕು. ಫ್ಯೂಚರ್ಸ್, ಆಪ್ಷನ್ಸ್ ಎಂಬ ಹೆಸರಿನ ಮುಂಗಡದ ವ್ಯಾಪಾರದಲ್ಲಿ ಈಗಿನ ಹುಡುಗರು ದೂರವಾಣಿಯ ಮೇಲೆಯೇ ಬೆರಳಾಡಿಸಿ ತೊಡಗುವರಲ್ಲ, ಅದರ ವಿಷಯವಾಗಿ ಪೇಟೆಯ ನಿಯಂತ್ರಣಾಧಿಕಾರವುಳ್ಳ ಸೆಬಿ ಸಂಸ್ಥೆಯೇ ೨೦೨೪ರಲ್ಲಿ ಲೆಕ್ಕವನ್ನು ಪ್ರಕಟಿಸಿತು. ಮೂರು ವರ್ಷಗಳಲ್ಲಿ ನೂರಕ್ಕೆ ತೊಂಬತ್ತಮೂರು ಮಂದಿ ನಷ್ಟಹೊಂದಿದರು. ಒಟ್ಟು ನಷ್ಟವು ೧ ಲಕ್ಷ ೮೦ ಸಾವಿರ ಕೋಟಿ ರೂಪಾಯಿಯನ್ನು ಮೀರಿತು. ಇದನ್ನು ನಾಲ್ಕನೆಯ ಪದದಲ್ಲಿ ಸೇರಿಸುವುದಕ್ಕೆ ನನ್ನ ಮನಸ್ಸು ಒಪ್ಪದು. ಧರ್ಮರಾಯನಿಗಾದರೂ ಎದುರಿಗೆ ಕುಳಿತಿದ್ದ ಶಕುನಿಯ ಮುಖವು ಕಾಣುತ್ತಿದ್ದಿತು.

ಇನ್ನೊಂದು ವಿಷಯವನ್ನು ಹೇಳದೆ ಈ ಲೇಖನವನ್ನು ಮುಗಿಸಲಾರೆ. ತಾಳ್ಮೆಗೂ ಮರೆವಿಗೂ ಹೊರನೋಟಕ್ಕೆ ವ್ಯತ್ಯಾಸವಿಲ್ಲ. ಎರಡರಲ್ಲಿಯೂ ಪತ್ರವು ಪೆಟ್ಟಿಗೆಯಲ್ಲಿಯೇ ಇರುವುದು. ಆದರೆ ಈಗಿನ ಕಾನೂನು ಅವೆರಡನ್ನೂ ಬೇರೆಬೇರೆಯಾಗಿ ನೋಡುವುದು. ೧೯೯೬ರ ಕಾಯಿದೆಯಿಂದ ಷೇರುಗಳನ್ನು ಕಾಗದವಿಲ್ಲದೆ ಡಿಮ್ಯಾಟ್ ಖಾತೆಯಲ್ಲಿ ಇರಿಸುವ ಪದ್ಧತಿ ಬಂದಿತು. ೨೦೧೯ರ ಏಪ್ರಿಲಿನಿಂದ ಕಾಗದದ ಪತ್ರವನ್ನು ಮಾರಿ ಇನ್ನೊಬ್ಬರ ಹೆಸರಿಗೆ ಮಾಡಿಸುವುದು ನಿಂತಿತು. ೨೦೧೩ರ ಕಂಪೆನಿ ಕಾಯಿದೆಯ ಮೇರೆಗೆ ೨೦೧೬ರಲ್ಲಿ ಮಾಡಿದ ನಿಯಮಗಳಂತೆ, ಒಂದು ಷೇರಿನ ಲಾಭಾಂಶವನ್ನು ಏಳು ವರ್ಷ ಎಡೆಬಿಡದೆ ಯಾರೂ ತೆಗೆದುಕೊಳ್ಳದಿದ್ದರೆ ಆ ಷೇರೇ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ಹೋಗುವುದು. ವಾರಸುದಾರರು ಅರ್ಜಿಯನ್ನು ಹಾಕಿ, ಹಕ್ಕನ್ನು ಸ್ಥಾಪಿಸಿ, ಹಿಂದಕ್ಕೆ ಪಡೆಯಬಹುದು. ಆದರೆ ಹಕ್ಕನ್ನು ಸ್ಥಾಪಿಸುವುದೆಂದರೆ ಕಾಗದಗಳ ಒಂದು ಸಣ್ಣ ಯಜ್ಞ.

ಕಳೆದ ಚಾತುರ್ಮಾಸ್ಯದಲ್ಲಿ ನೆರೆಮನೆಯ ಹಿರಿಯ ಮುತ್ತೈದೆಯಾಗಿದ್ದು ಈಗ ಒಂಟಿಯಾಗಿರುವ ಅಮ್ಮನವರೊಬ್ಬರು ಒಂದು ಕಟ್ಟನ್ನು ತಂದು, “ಮಾಷ್ಟ್ರೇ, ಇದು ಇಂಗ್ಲಿಷಿನಲ್ಲಿದೆ, ಒಲೆಗೆ ಹಾಕಬಹುದೋ ನೋಡಿ” ಎಂದರು. ಅವರ ಯಜಮಾನರು ಉದ್ಯೋಗದ ನಿಮಿತ್ತ ಹೊರಗಿದ್ದಾಗ ಕೊಂಡಿದ್ದ ಷೇರುಗಳು ಅವು; ಕಂಪೆನಿಯು ಈಗಲೂ ಚೆನ್ನಾಗಿಯೇ ನಡೆಯುತ್ತಿರುವುದು. ಲಾಭಾಂಶದ ವಾರಂಟುಗಳು ಅಂಚೆಯಲ್ಲಿ ಬಂದಂತೆಲ್ಲ, ಅವು ಯಾವುದೋ ರಸೀತಿಗಳೆಂದು ತಿಳಿದು, ಆಯಾ ವರ್ಷದ ಪಂಚಾಂಗದ ನಡುವೆ ಇಟ್ಟಿದ್ದರು. ಹನ್ನೊಂದು ಪಂಚಾಂಗಗಳಲ್ಲಿ ಹನ್ನೊಂದು ವಾರಂಟುಗಳು ಸಿಕ್ಕಿದುವು. ಎಲ್ಲಕ್ಕೂ ಅವಧಿ ಮೀರಿದ್ದಿತು. ವಿಚಾರಿಸಿದಾಗ ಷೇರುಗಳು ನಿಧಿಗೆ ಹೋಗಿರುವುದು ತಿಳಿಯಿತು. ಈಗ ನಾವಿಬ್ಬರೂ ಕಾಗದಗಳನ್ನು ಕೂಡಿಸುತ್ತಿದ್ದೇವೆ. ಮರಣದ ದಾಖಲೆ ಸಿಕ್ಕಿದೆ, ವಂಶವೃಕ್ಷವು ಆಗಿದೆ, ಛಾಪಾ ಕಾಗದದ ಮೇಲೆ ಪ್ರಮಾಣವನ್ನು ಬರೆಸಿ ಆಗಿದೆ. ಷೇರುಪತ್ರದಲ್ಲಿ ಯಜಮಾನರ ಹೆಸರಿನ ಹಿಂದೆ ಊರಿನ ಮೊದಲಕ್ಷರವೂ ತಂದೆಯ ಮೊದಲಕ್ಷರವೂ ಇವೆ. ಆಧಾರ್ ಚೀಟಿಯಲ್ಲಿ ತಂದೆಯದು ಮಾತ್ರವೇ ಇರುವುದು. ಆ ಒಂದಕ್ಷರಕ್ಕಾಗಿ ಮುಂದಿನ ಸೋಮವಾರ ಮತ್ತೊಮ್ಮೆ ಕೊಪ್ಪಕ್ಕೆ ಹೋಗಬೇಕಾಗಿದೆ.